ಗ್ಯಾಸ್ಕೆಟ್ ಹೋಗಿದೆ ಎಂದರೆ ಸಾಲದು

ಹದಿನೈದು ಇಪ್ಪತ್ತು ವರ್ಷ ಓಡಿದ ಕಾರು ಘಾಟಿ ಹತ್ತುವಾಗ ಹೀಟ್ ಆಗಿ ನಿಂತು, ಬಾನೆಟ್ ಸಂದಿಯಿಂದ ಹಬೆ ಎದ್ದಿತೆಂದರೆ ಗ್ಯಾರೇಜಿನ ತೀರ್ಪು ಹೆಚ್ಚುಕಡಿಮೆ ಒಂದೇ: “ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು.” ಆಮೇಲೆ ಸಲಹೆಗಳ ಸುರಿಮಳೆ. ಇಂಜಿನ್ ಕಥೆ ಮುಗಿಯಿತು, ಗುಜರಿಗೆ ಕೊಡಿ ಎನ್ನುವವರಿದ್ದಾರೆ. ರೇಡಿಯೇಟರಿಗೆ ಒಂದು ಬಾಟಲಿ ಸೀಲರ್ ಸುರಿಯಿರಿ ಎನ್ನುವವರಿದ್ದಾರೆ. ಥರ್ಮೋಸ್ಟ್ಯಾಟ್ ವಾಲ್ವ್ ಕಿತ್ತು ಬಿಸಾಕಿ, ನಮ್ಮ ದೇಶಕ್ಕೆ ಅದು ಬೇಕಿಲ್ಲ ಎನ್ನುವವರಂತೂ ಪ್ರತಿ ಊರಿನಲ್ಲೂ ಸಿಗುತ್ತಾರೆ. ಈ ಮಾತುಗಳಲ್ಲಿ ಬಹುಪಾಲಿನ ಬುಡದಲ್ಲಿರುವುದು ಒಂದೇ ತಪ್ಪು ಕಲ್ಪನೆ. ಗ್ಯಾಸ್ಕೆಟ್ ಎಂಬುದು ಬ್ರೇಕ್ ಪ್ಯಾಡಿನ ಹಾಗೆ ಕಾಲಕ್ಕೆ ಸವೆದು ಹೋಗುವ ಬಿಡಿಭಾಗ, ಅದು ಹೋದದ್ದರಿಂದಲೇ ಇಂಜಿನ್ ಕಾಯಿತು ಎಂದು ಜನ ಭಾವಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ನಡೆದಿರುವುದು ಇದರ ತಿರುವುಮುರುವು: ಬೇರೆ ಯಾವುದೋ ಕಾರಣಕ್ಕೆ ಇಂಜಿನ್ ಮಿತಿಮೀರಿ ಕಾಯುತ್ತದೆ, ಆ ಶಾಖಕ್ಕೆ ಗ್ಯಾಸ್ಕೆಟ್ ಬಲಿಯಾಗುತ್ತದೆ.

ಇದೇಕೆ ಹೀಗೆ ಎಂದು ತಿಳಿಯಲು ಆ ತೆಳು ಹಾಳೆ ಮಾಡುವ ಕೆಲಸ ನೋಡಬೇಕು. ಸಿಲಿಂಡರ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವೆ ಅದು ಮೂರನ್ನು ಒಂದಕ್ಕೊಂದು ಬೆರೆಯದಂತೆ ತಡೆಯುತ್ತದೆ: ಉರಿಯುವ ಅನಿಲ, ತಂಪು ಮಾಡುವ ನೀರು, ಜಿಡ್ಡು ಕೊಡುವ ಆಯಿಲ್. ಪೆಟ್ರೋಲ್ ಇಂಜಿನ್ನಿನಲ್ಲಿ ಉರಿಯುವ ಅನಿಲದ ಒತ್ತಡ 50 ಬಾರ್ ದಾಟುತ್ತದೆ, ಡೀಸೆಲ್‌ನಲ್ಲಿ 100 ದಾಟುತ್ತದೆ. ಪಕ್ಕದಲ್ಲೇ ಹರಿಯುವ ನೀರಿನ ಒತ್ತಡ ಒಂದು ಬಾರ್ ಆಸುಪಾಸು. ಇನ್ನು ಲೋಹಗಳ ಗುಣ. ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ 40 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಹೆಡ್ ಇದ್ದು, ಎರಡೂ 80 ಡಿಗ್ರಿಯಷ್ಟು ಬಿಸಿಯೇರಿದರೆ ಹೆಡ್ ಬ್ಲಾಕಿಗಿಂತ ಸುಮಾರು 0.4 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಪ್ರತಿ ಸಲ ಗಾಡಿ ಕಾದು ತಣಿದಾಗಲೂ ಈ ಎಳೆದಾಟ ನಡೆದೇ ಇರುತ್ತದೆ, ಗ್ಯಾಸ್ಕೆಟ್ ಅದನ್ನು ವರ್ಷಗಟ್ಟಲೆ ಸಹಿಸುತ್ತದೆ. ಸಹಿಸಲಾಗದ್ದು ಮಿತಿ ದಾಟಿದ ಶಾಖವನ್ನು. ಬೋಲ್ಟ್‌ಗಳು ಬಿಗಿಹಿಡಿದ ಅಲ್ಯೂಮಿನಿಯಂ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ತಣಿದ ಮೇಲೆ ಮೊದಲಿನ ಸಮತಟ್ಟಿಗೆ ಮರಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಂಬಾಸಡರ್ ಕಾರುಗಳು ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಕುದಿಯುತ್ತಿದ್ದವು, ಡ್ರೈವರ್ ಕೊಡಪಾನದಲ್ಲಿ ಹಳ್ಳದ ನೀರು ತಂದು ಸುರಿದು ಮುಂದೆ ಹೋಗುತ್ತಿದ್ದ, ಏನೂ ಆಗುತ್ತಿರಲಿಲ್ಲವಲ್ಲ? ಆಗುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಆದರೂ ಮಾತಿನಲ್ಲಿ ಹುರುಳಿದೆ. ಆ ಕಾರು ದಶಕಗಳ ಕಾಲ ಹೊತ್ತು ತಿರುಗಿದ 1489 ಸಿ.ಸಿ. ಇಂಜಿನ್ನಿನಲ್ಲಿ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದವು, ಕಬ್ಬಿಣದ ಹೆಡ್ ಸುಲಭಕ್ಕೆ ಬಾಗುತ್ತಲೂ ಇರಲಿಲ್ಲ. ಆಮೇಲೆ ಬಂದ ಕಾರುಗಳ ಹೆಡ್ ಅಲ್ಯೂಮಿನಿಯಂನದು. ಅಂಬಾಸಡರ್ ಕಾಲದ ವಿದ್ಯೆಯನ್ನು ಇವುಗಳ ಮೇಲೆ ಪ್ರಯೋಗಿಸಿದರೆ ನಷ್ಟ ಮಾಲೀಕನದೇ. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆಯುವುದಂತೂ ಅಂದಿಗೂ ಇಂದಿಗೂ ಮುಖ ಸುಟ್ಟುಕೊಳ್ಳುವ ದಾರಿ.

ಹೋದದ್ದು ಗ್ಯಾಸ್ಕೆಟ್ಟೇ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ? ಆಯಿಲ್ ಮುಚ್ಚಳ ತೆಗೆದು, ಒಳಗೆ ಕಾಫಿ ಬಣ್ಣದ ನೊರೆ ಕಂಡರೆ ‘ನೀರು ಆಯಿಲಿಗೆ ಬೆರೆತಿದೆ’ ಎಂದುಬಿಡುವುದು ವಾಡಿಕೆ. ಮಳೆಗಾಲದ ಮಲೆನಾಡಿನಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನ ಮುಚ್ಚಳದಡಿ ಇಂಥ ನೊರೆ ತಾನಾಗಿ ಕಟ್ಟುತ್ತದೆ. ಇಂಜಿನ್ ಪೂರ್ತಿ ಕಾಯದ ಕಾರಣ ಒಳಗಿನ ತೇವ ಆವಿಯಾಗಿ ಹೋಗಿರುವುದಿಲ್ಲ, ಅಷ್ಟೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಬಂದು, ಆಯಿಲ್ ಮಟ್ಟ ಏರಿದ್ದರೆ ಮಾತ್ರ ಅನುಮಾನಕ್ಕೆ ಬಲ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಆವಿಯೂ ಹೀಗೆಯೇ: ಸ್ವಲ್ಪ ಹೊತ್ತಿಗೆ ನಿಂತರೆ ಸಹಜ, ಇಂಜಿನ್ ಕಾದ ಮೇಲೂ ಸಿಹಿ ವಾಸನೆಯೊಂದಿಗೆ ಬರುತ್ತಲೇ ಇದ್ದರೆ ಸಹಜವಲ್ಲ. ಇನ್ನೊಂದು ಕಡೆ, ಆಯಿಲ್, ಹೊಗೆ ಎರಡೂ ಸ್ವಚ್ಛವಾಗಿದ್ದೂ ಗ್ಯಾಸ್ಕೆಟ್ ಹೋಗಿರಬಹುದು, ಏಕೆಂದರೆ ಉರಿದ ಅನಿಲ ನೀರಿನ ದಾರಿಗೆ ನುಗ್ಗಿದರೆ ಆಯಿಲಿಗೆ ಅದರ ಸುಳಿವೇ ಇರುವುದಿಲ್ಲ. ಆಗ ಕಾಣುವುದು ಹೊರಗೆಲ್ಲೂ ಸೋರದೆ ಕಡಿಮೆಯಾಗುವ ಕೂಲೆಂಟ್, ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಕಲ್ಲಿನಂತೆ ಬಿಗಿಯಾಗುವ ರೇಡಿಯೇಟರ್ ಹೋಸ್, ಬೆಳಗಿನ ಮೊದಲ ಸ್ಟಾರ್ಟಿಗೆ ಒಂದು ಸಿಲಿಂಡರ್ ಮಿಸ್ ಹೊಡೆಯುವುದು. ಇವನ್ನು ಊಹೆಗೆ ಬಿಡಬೇಕಿಲ್ಲ. ರೇಡಿಯೇಟರ್ ಬಾಯಿಗೆ ಗಾಜಿನ ನಳಿಕೆ ಇಟ್ಟು, ಅಲ್ಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವ ಪರೀಕ್ಷೆಯೊಂದಿದೆ; ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಕಂಪ್ರೆಷನ್ ಪರೀಕ್ಷೆ, ತಣ್ಣಗಿನ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನೋಡುವ ಪರೀಕ್ಷೆ ಇವೆಲ್ಲ ಹೆಡ್ ಬಿಚ್ಚುವ ಮೊದಲೇ ಆಗುವಂಥವು. ಇವುಗಳಲ್ಲಿ ಒಂದನ್ನೂ ಮಾಡದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವವರ ತೀರ್ಪನ್ನು ಒಪ್ಪಬೇಕಾಗಿಲ್ಲ.

ಟೆಂಪರೇಚರ್ ಮುಳ್ಳು ಮೇಲೇರಲೇ ಇಲ್ಲ, ಆದ್ದರಿಂದ ಇಂಜಿನ್ ಕಾದಿಲ್ಲ ಎಂಬ ವಾದವೂ ನಿಲ್ಲದು. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರೇ ಅದರ ಮಟ್ಟಕ್ಕಿಂತ ಕೆಳಗಿಳಿದರೆ ಮುಳ್ಳು ಏರುವ ಬದಲು ಇಳಿಯಲೂಬಹುದು.

ಥರ್ಮೋಸ್ಟ್ಯಾಟ್ ವಿಷಯದಲ್ಲಿ ನಮ್ಮ ಗ್ಯಾರೇಜುಗಳ ನಂಬಿಕೆ ಬಹಳ ಗಟ್ಟಿ. ಅದು ಚಳಿ ದೇಶದವರಿಗೆ ಮಾಡಿದ್ದು, ಇಲ್ಲಿ ನೀರು ಸದಾ ಹರಿಯುತ್ತಿರಲಿ ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಬೆಂಗಳೂರಿನ ಸೆಕೆಗೂ ಇಂಜಿನ್ನಿಗೆ ಬೇಕಾದ ಬಿಸಿಗೂ ಅಂತರ ದೊಡ್ಡದು: ಸಾಮಾನ್ಯ ಥರ್ಮೋಸ್ಟ್ಯಾಟ್ ಬಾಯಿ ತೆರೆಯುವುದೇ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ. ಅದನ್ನು ಕಿತ್ತರೆ ಇಂಜಿನ್ ತನಗೆ ಬೇಕಾದ ಬಿಸಿಗೆ ಬೇಗ ಬರುವುದಿಲ್ಲ. ಹೆಚ್ಚು ಪೆಟ್ರೋಲ್ ಹೀರುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ತೇವ ಒಳಗೇ ಉಳಿಯುತ್ತದೆ. ಮೇಲೆ ಹೇಳಿದ ಕಾಫಿ ಬಣ್ಣದ ನೊರೆಯನ್ನು ಹುಟ್ಟಿಸುವ ಒಂದು ಖಚಿತ ಉಪಾಯ ಇದೇ. ಥರ್ಮೋಸ್ಟ್ಯಾಟ್ ಕಿತ್ತ ಮೆಕ್ಯಾನಿಕ್ಕೇ ಮುಂದೊಂದು ದಿನ ಆ ನೊರೆ ತೋರಿಸಿ ಗ್ಯಾಸ್ಕೆಟ್ ಹೋಗಿದೆ ಎನ್ನಬಹುದು! ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥಲ್ಲಿ ಅದನ್ನು ತೆಗೆದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಸುತ್ತುತ್ತಲೇ ಇದ್ದು, ಘಾಟಿಯಲ್ಲಿ ಇಂಜಿನ್ ಮೊದಲಿಗಿಂತ ಬೇಗ ಮಿತಿಮೀರಿ ಕಾಯುತ್ತದೆ. ಮುಚ್ಚಿದಲ್ಲೇ ಸಿಕ್ಕಿಕೊಂಡ ಥರ್ಮೋಸ್ಟ್ಯಾಟ್ ಇಂಜಿನ್ ಕಾಯಿಸುತ್ತದೆ ನಿಜ. ಅದಕ್ಕೆ ಮದ್ದು ಹೊಸದನ್ನು ಹಾಕುವುದು.

ನೀರಿದ್ದರೆ ಸಾಕು, ಕೂಲೆಂಟ್ ದುಡ್ಡಿನ ದಂಡ ಎನ್ನುವವರ ಪರವಾಗಿ ಒಂದು ಮಾತು ಹೇಳಲೇಬೇಕು: ಶಾಖ ಹೊರುವುದರಲ್ಲಿ ಬರಿ ನೀರು ಕೂಲೆಂಟ್ ಮಿಶ್ರಣಕ್ಕಿಂತ ಮುಂದು. ಹೆಪ್ಪುಗಟ್ಟುವ ಭಯವೂ ನಮಗಿಲ್ಲ. ಕೂಲೆಂಟ್ ಬೇಕಿರುವುದು ಮುಖ್ಯವಾಗಿ ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳಿಗಾಗಿ. ಬಯಲುಸೀಮೆಯ ಬೋರ್‌ವೆಲ್ ನೀರು ಗೀಸರ್ ಕಾಯಿಲಿಗೆ ಹತ್ತಿಸುವ ಬಿಳಿ ಪದರವನ್ನೇ ಇಂಜಿನ್ನಿನ ನೀರಿನ ದಾರಿಗೂ ಹತ್ತಿಸುತ್ತದೆ. ಅಲ್ಯೂಮಿನಿಯಂ ಹೆಡ್ಡಿನ ನೀರಿನ ತೂತುಗಳ ಅಂಚು ತಿಂದುಹೋಗಿ, ಗ್ಯಾಸ್ಕೆಟ್ ಒತ್ತಿ ಕೂರಬೇಕಾದ ಜಾಗವೇ ಇಲ್ಲವಾಗುತ್ತದೆ. ಯಾರೂ ಗಮನಿಸದ ಇನ್ನೊಂದು ಭಾಗ ರೇಡಿಯೇಟರ್ ಮುಚ್ಚಳ. ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿ ಬರಿ ನೀರೂ 120 ಡಿಗ್ರಿವರೆಗೆ ಕುದಿಯದು. ಅದರ ರಬ್ಬರ್ ಸತ್ತಿದ್ದರೆ 100ಕ್ಕೇ ಕುದಿಯುತ್ತದೆ, ಮಡಿಕೇರಿಯ ಎತ್ತರದಲ್ಲಿ 96ರ ಸುಮಾರಿಗೆ. ಇಡೀ ಹೆಡ್ ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಿದವರು ಇದೇ ಸತ್ತ ಮುಚ್ಚಳವನ್ನು ಮತ್ತೆ ತಿರುಗಿಸಿ ಕಳಿಸುವುದುಂಟು.

ಬಾಟಲಿ ಮದ್ದಿನಿಂದ ಕಾರು ಸರಿಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಇಂಥ ಹಲವು ಸೀಲರ್‌ಗಳಲ್ಲಿರುವ ಸೋಡಿಯಂ ಸಿಲಿಕೇಟ್ ಬಿಸಿ ತಾಗಿದಲ್ಲಿ ಗಾಜಿನಂತೆ ಗಟ್ಟಿಯಾಗಿ ಸಣ್ಣ ಸಂದಿಯನ್ನು ಕೆಲಕಾಲ ಮುಚ್ಚಬಲ್ಲದು. ಆದರೆ ಬಾಗಿದ ಹೆಡ್ಡನ್ನು ಅದು ನೇರ ಮಾಡದು, ಕಾಯಿಸಿದ ಮೂಲ ದೋಷವನ್ನು ಮುಟ್ಟುವುದೂ ಇಲ್ಲ. ಮೇಲಾಗಿ ರೇಡಿಯೇಟರಿನ, ಹೀಟರಿನ ಸಣ್ಣ ನಳಿಕೆಗಳನ್ನು ಕಟ್ಟಿಹಾಕಿ ಮುಂದಿನ ಕಾಯುವಿಕೆಗೆ ತಾನೇ ದಾರಿ ಮಾಡುತ್ತದೆ. 2009ರಲ್ಲಿ ಅಮೆರಿಕ ಸರ್ಕಾರ ಹಳೆಯ ಕಾರುಗಳನ್ನು ವಾಪಸು ಪಡೆದು ನಾಶಪಡಿಸುವ ಯೋಜನೆ ಮಾಡಿದಾಗ, ಆ ಇಂಜಿನ್ನುಗಳು ಮತ್ತೆ ಓಡದಂತೆ ಮಾಡಲು ಆಯಿಲ್ ಬಸಿದು ತುಂಬಿದ್ದು ಇದೇ ಸೋಡಿಯಂ ಸಿಲಿಕೇಟನ್ನು. ಬಾಟಲಿಯಲ್ಲಿ ಅಷ್ಟು ಪ್ರಮಾಣ ಇರುವುದಿಲ್ಲ, ಒಪ್ಪೋಣ. ಆದರೂ ನೀರು ಆಯಿಲಿಗೆ ಸೇರುತ್ತಿರುವ ಇಂಜಿನ್ನಿಗೆ ಅದನ್ನು ಸುರಿಯುವ ಮುನ್ನ ಈ ಸಂಗತಿ ನೆನಪಿರಬೇಕು. ಗುಜರಿಗೆ ಹೋಗುವುದು ನಿಶ್ಚಯವಾದ ಕಾರನ್ನು ಇನ್ನಷ್ಟು ದಿನ ಓಡಿಸಲು ಬಾಟಲಿ ಸರಿ, ಉಳಿಸಿಕೊಳ್ಳುವ ಕಾರಿಗೆ ಬೇಡ.

ಹಾಗಾದರೆ ಹೊಸ ಗ್ಯಾಸ್ಕೆಟ್ ಹಾಕಿದರೆ ಕೆಲಸ ಮುಗಿಯಿತೆ? ಅದೂ ಇಲ್ಲ. ಹೆಡ್ ತೊಳೆದು, ತಲೆಕೆಳಗಾಗಿಟ್ಟು, ಅದರ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಅನೇಕ ಸಣ್ಣ ಕಾರುಗಳ ಮಿತಿ 0.05 ಮಿ.ಮೀ., ಅಂದರೆ ಎ4 ಹಾಳೆಯ ಅರ್ಧ ದಪ್ಪ. ಇದು ಬರಿಗಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಸಿಗುವಂಥದ್ದೂ ಅಲ್ಲ. ಹೆಚ್ಚು ಬಾಗಿದ್ದರೆ ಲೇತ್‌ನವರ ಬಳಿ ಫೇಸಿಂಗ್ ಮಾಡಿಸಬೇಕು, ಒಡಕಿದೆಯೇ ಎಂದು ನೀರಿನಲ್ಲಿ ಮುಳುಗಿಸಿ ಗಾಳಿಯೊತ್ತಡ ಕೊಟ್ಟು ನೋಡಬೇಕು. ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿ, ಮೇಲೊಂದಿಷ್ಟು ಪೇಸ್ಟ್ ಬಳಿದು ಕೂರಿಸುವ ಪದ್ಧತಿಯಲ್ಲಿ ತಗ್ಗುಗಳು ಹೆಚ್ಚುತ್ತವೆ, ಎಮರಿಯ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ, ಕಂಪನಿ ಹೇಳಿದ ಅನುಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು. ಬಿಗಿದಾಗ ಒಂದೇ ಸಲ ಹಿಗ್ಗುವಂತೆ ಮಾಡಿದ ಬೋಲ್ಟ್‌ಗಳಾದರೆ ಹೊಸವೇ ಆಗಬೇಕು.

ಹಳೆ ಕಾರಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಗೆ ಉತ್ತರ ಕಾರಿನ ವಯಸ್ಸಿನಲ್ಲಿಲ್ಲ. ಹೀಟ್ ಆದ ಕೂಡಲೇ ನಿಲ್ಲಿಸಿದ ಕಾರಾದರೆ ಪಿಸ್ಟನ್, ಬೇರಿಂಗ್ ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತವೆ, ರಿಪೇರಿಗೆ ಅರ್ಥವಿದೆ. ‘ಇನ್ನೇನು ಊರು ಬಂತು’ ಎಂದು ಹಬೆಯಾಡುತ್ತಲೇ ಓಡಿಸಿದ್ದರೆ ಲೆಕ್ಕ ಬೇರೆ. ರಿಪೇರಿಗೆ ಒಪ್ಪಿದಿರಾದರೆ ಮೆಕ್ಯಾನಿಕ್ಕಿನಿಂದ ಹಳೆಯ ಗ್ಯಾಸ್ಕೆಟ್ ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿ. ಎರಡು ಸಿಲಿಂಡರುಗಳ ನಡುವೆ ಸುಟ್ಟಿದೆಯೇ, ನೀರಿನ ತೂತಿನ ಸುತ್ತ ತುಕ್ಕು ತಿಂದಿದೆಯೇ ಎಂಬುದು ಅದರಲ್ಲೇ ಇರುತ್ತದೆ. ಕಾಯಿಸಿದ ಕಾರಣ ಪಂಪೋ, ಫ್ಯಾನೋ, ರೇಡಿಯೇಟರೋ, ಮುಚ್ಚಳವೋ ಎಂದು ಹೇಳಿಸಿಕೊಳ್ಳದೆ ಬಿಲ್ ಕಟ್ಟಬೇಡಿ.