ಜಮೀನು ವ್ಯವಹಾರದ ಪರೀಕ್ಷೆ: ಬರೆಯುವವರಿಗೂ ಬರೆಯದವರಿಗೂ ಒಂದೇ ಪಾಠ



ನೀವು ಸಂಘಕ್ಕೆ ತರುವ ಹಾಲಿಗೆ ಪರೀಕ್ಷೆಯುಂಟು. ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದು ತಿಳಿದ ಮೇಲೆಯೇ ಅದಕ್ಕೆ ದರ. ಶಿರಸಿ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡಿಸುವ ದಲಾಲರಿಗೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಉಂಟು. ಆದರೆ ಹಾಲು, ಅಡಿಕೆ ಎರಡಕ್ಕೂ ಆಧಾರವಾದ ಭೂಮಿಯನ್ನೇ ಮಾರಿಸಿಕೊಡುತ್ತೇನೆಂದು ಅಂಗಳಕ್ಕೆ ಬರುವ ವ್ಯಕ್ತಿ ಯಾವ ಪರೀಕ್ಷೆ ಪಾಸು ಮಾಡಿರಬೇಕು? ಕರ್ನಾಟಕದಲ್ಲಿ ಇದಕ್ಕೆ ಉತ್ತರ: ಯಾವುದೂ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ವಯಸ್ಸಾದ ತಂದೆತಾಯಿ ಮಾತ್ರ ಉಳಿದಿರುವ ಮನೆಗಳು ಎಷ್ಟೋ ಇವೆ. ತೋಟ, ಗದ್ದೆ ಕೇಳಿಕೊಂಡು ಬರುವವರೂ ಇದ್ದಾರೆ. ಅದೇ ವೇಳೆಗೆ ಊರಿನಲ್ಲೇ ಉಳಿದ ಕೆಲವು ಯುವಕರು ಜಮೀನು ವ್ಯವಹಾರವನ್ನೇ ಉದ್ಯೋಗ ಮಾಡಿಕೊಳ್ಳುವ ಯೋಚನೆಯಲ್ಲಿದ್ದಾರೆ. ಈ ಲೇಖನ ಇಬ್ಬರಿಗೂ ಉದ್ದೇಶಿಸಿದ್ದು. ದಲ್ಲಾಳಿ ಓದಬೇಕಾದ ಪಾಠವೂ, ಮಾರುವ ಸದಸ್ಯರು ತಿಳಿದಿರಬೇಕಾದ ಪಾಠವೂ ಒಂದೇ.

ಕಾಯಿದೆ ಏನು ಹೇಳುತ್ತದೆ?

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ 2016ರಲ್ಲಿ ಬಂದಿತು. ಇದನ್ನೇ ಜನ ‘ರೇರಾ’ ಎನ್ನುತ್ತಾರೆ. 500 ಚದರ ಮೀಟರ್ ಮೀರಿದ ಜಾಗದಲ್ಲಿ ಸೈಟುಗಳನ್ನು ಮಾಡಿ ಮಾರುವ ಯೋಜನೆ ರೇರಾದಲ್ಲಿ ನೋಂದಣಿಯಾಗಬೇಕು. ಅಂಥ ಯೋಜನೆಯ ಸೈಟು, ಫ್ಲಾಟು ಮಾರಿಸುವ ದಲ್ಲಾಳಿಯೂ 9ನೇ ಕಲಮಿನ ಪ್ರಕಾರ ನೋಂದಾಯಿಸಿಕೊಳ್ಳಬೇಕು. ತಪ್ಪಿದಲ್ಲಿ ದಿನಕ್ಕೆ 10,000 ರೂ.ನಂತೆ, ಆ ಆಸ್ತಿಯ ಬೆಲೆಯ ಶೇ. 5ರ ಮಿತಿಯವರೆಗೆ ದಂಡ ಬೀಳಬಹುದು.

ನಮ್ಮ ರಾಜ್ಯದ 2017ರ ನಿಯಮಗಳಲ್ಲಿ ವ್ಯಕ್ತಿಯೊಬ್ಬರ ನೋಂದಣಿಗೆ 25,000 ರೂ. ಶುಲ್ಕ ಮತ್ತು 5 ವರ್ಷದ ಅವಧಿ ಇಡಲಾಗಿದೆ. ಅರ್ಜಿ, ದಾಖಲೆ, ಶುಲ್ಕ ಸರಿಯಿದ್ದರೆ ಸಂಖ್ಯೆ ಸಿಗುತ್ತದೆ. ಪಹಣಿ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಿರಿ. ರೇರಾ ಇರುವುದು ಸೈಟು, ಫ್ಲಾಟು, ಕಟ್ಟಡಗಳ ಯೋಜನೆಗಳಿಗೆ. ನಿಮ್ಮ ಒಂದೆಕರೆ ತೋಟವನ್ನೋ ಗದ್ದೆಯನ್ನೋ ಇದ್ದಂತೆಯೇ ಮಾರಿಸುವವನು ಈ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ. ‘ನನಗೆ ರೇರಾ ನಂಬರ್ ಇದೆ’ ಎಂದು ಯಾರಾದರೂ ಹೇಳಿದರೆ ಅದು ಸೈಟು ವ್ಯಾಪಾರದ ನೋಂದಣಿ ಮಾತ್ರ. ನಿಮ್ಮ ಜಮೀನಿನ ಬಗ್ಗೆ ಅವನಿಗೆ ಜ್ಞಾನವಿದೆ ಎಂಬುದಕ್ಕೆ ಪುರಾವೆಯಲ್ಲ.

ಪರೀಕ್ಷೆ ಇರುವ ಕಡೆ ಹೇಗೆ?

ನೆರೆಯ ಮಹಾರಾಷ್ಟ್ರದಲ್ಲಿ ಅಲ್ಲಿನ ರೇರಾ ಪ್ರಾಧಿಕಾರವು 2023ರ ಜನವರಿಯಲ್ಲಿ ಆದೇಶ ಹೊರಡಿಸಿ ದಲ್ಲಾಳಿಗಳಿಗೆ 20 ಗಂಟೆಗಳ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಬ್ಯಾಂಕ್ ನೌಕರಿಗೆ ಪರೀಕ್ಷೆ ನಡೆಸುವ ಐ.ಬಿ.ಪಿ.ಎಸ್. ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಮೊದಲ ಪರೀಕ್ಷೆ 2023ರ ಮೇ ತಿಂಗಳಲ್ಲಿ ನಡೆಯಿತು. ಮೊದಲೇ ನೋಂದಣಿ ಇದ್ದ ಹಳೆಯ ದಲ್ಲಾಳಿಗಳಿಗೂ ವಿನಾಯಿತಿ ಕೊಡಲಿಲ್ಲ. ಪುಣೆ, ಮುಂಬಯಿಗಳಲ್ಲಿ ಈ ಉದ್ಯೋಗಕ್ಕಿಳಿಯುವ ನಮ್ಮ ಭಾಗದ ಹುಡುಗರು ಇದನ್ನು ತಿಳಿದಿರಲಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇನ್ನೂ ಬಿಗಿ. ಮೊದಲು 135 ಗಂಟೆಗಳ ಪಾಠ, ಆಮೇಲೆ 150 ಪ್ರಶ್ನೆಗಳ ಪರೀಕ್ಷೆ. ಅದರಲ್ಲಿ ಶೇ. 70 ಅಂಕ ಬಂದರೆ ಮಾತ್ರ ಲೈಸೆನ್ಸಿಗೆ ಅರ್ಹತೆ.

ನಮ್ಮಲ್ಲಿ ಪರೀಕ್ಷೆ ಇಲ್ಲದಿರುವುದರಿಂದ ಪಾಠ ಬೇಡವೆಂದಲ್ಲ. ದಲ್ಲಾಳಿ ಓದದೆ ಬಿಟ್ಟದ್ದರ ನಷ್ಟ ಕೊನೆಗೆ ಬಂದು ಬೀಳುವುದು ಮಾರುವವರ ಮತ್ತು ಕೊಳ್ಳುವವರ ತಲೆಯ ಮೇಲೆ.

ನಮ್ಮ ಮೂರು ತಾಲೂಕುಗಳಿಗೆ ಆರು ಪಾಠ

1) ಪಹಣಿ ಓದುವುದು: ಪಹಣಿಯ 9ನೇ ಕಾಲಮ್ಮಿನಲ್ಲಿ ಮಾಲಕರ ಹೆಸರು ಮತ್ತು ಕ್ಷೇತ್ರ, 10ರಲ್ಲಿ ಆ ಹಕ್ಕು ಹೇಗೆ ಬಂತೆಂಬ ವಿವರ, 11ರಲ್ಲಿ ಇತರೆ ಹಕ್ಕು ಮತ್ತು ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತವೆ. ಅನೇಕರು 9ನ್ನು ನೋಡಿ ಕಾಗದ ಮಡಚುತ್ತಾರೆ. ಸೊಸೈಟಿ ಸಾಲದ ಬೋಜಾ ಇರುವುದು 11ರಲ್ಲಿ. ಹತ್ತು ವರ್ಷದ ಹಿಂದೆ ತೀರಿಸಿದ ಸಾಲ ಅಲ್ಲಿ ಹಾಗೆಯೇ ಉಳಿದಿರಲೂಬಹುದು. ಖರಾಬು ಎಷ್ಟಿದೆ ಎಂದೂ ನೋಡಬೇಕು. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ್ದು. ‘ಬ’ ಖರಾಬನ್ನು ಯಾರೂ ಮಾರುವಂತಿಲ್ಲ.

2) ಜಮೀನು ಯಾವ ಬಗೆಯದು: ಘಟ್ಟದ ಮೇಲಿನ ನಮ್ಮ ತಾಲೂಕುಗಳಿಗೆ ಇದೇ ಅತಿ ಮುಖ್ಯ ಪಾಠ. ಮಾಲ್ಕಿ ಜಮೀನು ಬೇರೆ, ಸೊಪ್ಪಿನ ಬೆಟ್ಟ ಬೇರೆ. ಅಡಿಕೆ ಭಾಗಾಯ್ತಕ್ಕೆ ಹೊಂದಿಕೊಂಡು ಬಿಟ್ಟ ಬೆಟ್ಟದಲ್ಲಿ ಸೊಪ್ಪು, ದರಕು, ಹುಲ್ಲು ತರುವ ಸವಲತ್ತು ನಿಮಗಿದೆ. ಆದರೆ ಅದು ನಿಮ್ಮ ಮಾಲ್ಕಿಯಲ್ಲ. ‘ಎರಡೆಕರೆ ತೋಟದ ಜೊತೆಗೆ ಇಷ್ಟು ಎಕರೆ ಬೆಟ್ಟವೂ ಬರುತ್ತದೆ, ರೆಸಾರ್ಟ್ ಕಟ್ಟಬಹುದು’ ಎಂದು ಹೇಳಿ ಮಾರಿಸುವ ದಲ್ಲಾಳಿ ಕೊಳ್ಳುವವರಿಗೆ ಸುಳ್ಳು ಹೇಳುತ್ತಿದ್ದಾನೆ. ನಾಳೆ ಜಗಳವಾದಾಗ ಕಾಗದದ ಮೇಲೆ ಇರುವ ಸಹಿ ನಿಮ್ಮದು.

ಅರಣ್ಯ ಹಕ್ಕು ಕಾಯಿದೆ 2006ರ ಕೆಳಗೆ ಸಿಕ್ಕ ಹಕ್ಕುಪತ್ರದ ಜಮೀನು ಮಕ್ಕಳಿಗೆ ಹೋಗುತ್ತದೆ, ಆದರೆ ಪರಭಾರೆ ಮಾಡಲು ಬರುವುದಿಲ್ಲ. ಹಕ್ಕುಪತ್ರವೇ ಬಾರದ ಅತಿಕ್ರಮಣ ಜಾಗವನ್ನು ಮಾರುವ ಮಾತೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ, ಕೈತಪ್ಪಿದ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ.

3) ಹಕ್ಕುದಾರರು ಯಾರು ಯಾರು: ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟು ಇದು ಮಗಳಿಗೆ ಹುಟ್ಟಿನಿಂದಲೇ ಬರುವ ಹಕ್ಕು, 2005ಕ್ಕೆ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಇದೆ, ಮನೆಯೊಳಗೆ ಬಾಯಿಮಾತಿನಲ್ಲಿ ಪಾಲಾಗಿದೆ ಎಂದರೆ ಸಾಲದು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಮೊದಲು ಕೇಳಿರಿ. ಮುಂಗಡ ಪಡೆದ ಮೇಲೆ ಕೇಳಲು ಹೋದರೆ ಜಮೀನಿನ ಜೊತೆಗೆ ಸಂಬಂಧವೂ ಕೆಡುತ್ತದೆ.

4) ಅಳತೆ: 33 ಅಡಿ ಉದ್ದ, 33 ಅಡಿ ಅಗಲ ಸೇರಿ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಮೇಲೆ ಹೇಳಿದ 500 ಚದರ ಮೀಟರ್ ಎಂದರೆ ಸುಮಾರು 5,382 ಚದರ ಅಡಿ. ಅದು 5 ಗುಂಟೆಗೂ ಸ್ವಲ್ಪ ಕಡಿಮೆಯೇ. ಆದ್ದರಿಂದ ಹತ್ತು ಗುಂಟೆಯಲ್ಲಿ ಸೈಟು ಬಿಡಿಸಿ ಮಾರಲು ಹೊರಟರೂ ರೇರಾ ಬರುತ್ತದೆ. ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲು ಅಳತೆ ಮಾಡಿಸಿ 11-ಇ ನಕ್ಷೆ ಪಡೆಯಬೇಕು. ‘ಆ ಹಲಸಿನ ಮರದಿಂದ ಈ ಅಗಳದ ತನಕ’ ಎಂಬ ಲೆಕ್ಕ ನೋಂದಣಿಗೆ ನಡೆಯದು.

5) ಕೊಳ್ಳುವವರು ಮತ್ತು ಉಪಯೋಗ: ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಕೊಂಡ ಮಾತ್ರಕ್ಕೆ ಬೇಕಾದ್ದು ಕಟ್ಟಬಹುದೆಂದಲ್ಲ. ಕೃಷಿಯೇತರ ಉಪಯೋಗಕ್ಕೆ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು.

6) ಕರಾರು ಮತ್ತು ನೋಂದಣಿ: ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿರಿ. ವ್ಯವಹಾರ ನಡೆದಿದ್ದರೆ ನಮೂನೆ 15, ನಡೆದಿಲ್ಲದಿದ್ದರೆ ನಮೂನೆ 16 ಬರುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡ ಮಾತ್ರಕ್ಕೆ ಮಾಲಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೂ ‘ಓಡಾಟಕ್ಕೆ ಅನುಕೂಲ’ ಎಂದು ನಿಮ್ಮಿಂದ ಅದನ್ನು ಬರೆಸಿಕೊಳ್ಳಲು ಬರುವವರಿದ್ದಾರೆ. ಸಹಿ ಹಾಕುವ ಮೊದಲು ನಿಮ್ಮದೇ ವಕೀಲರಿಗೆ ತೋರಿಸಿರಿ. ದಲ್ಲಾಳಿ ಕರೆತಂದ ವಕೀಲರಿಗಲ್ಲ.

ಯುವಕರು ತಯಾರಿ ಮಾಡುವುದು ಹೇಗೆ?

ಮಹಾರಾಷ್ಟ್ರದ ಪರೀಕ್ಷೆಗೆ ಕೂರುವವರಾಗಲಿ, ಇಲ್ಲಿಯೇ ನೋಂದಣಿ ಮಾಡಿಸಿ ಕೆಲಸ ಆರಂಭಿಸುವವರಾಗಲಿ ಈ ಕ್ರಮ ಅನುಸರಿಸಬಹುದು.

ಅ) ಮೊದಲ ಪುಸ್ತಕ ನಿಮ್ಮ ಮನೆಯ ಪಹಣಿ. ಅದರ ಒಂದೊಂದು ಕಾಲಮ್ಮಿನ ಅರ್ಥವನ್ನೂ ಮನೆಯ ಹಿರಿಯರಿಗೆ ಬಿಡಿಸಿ ಹೇಳಿರಿ. ಅವರು ಮರುಪ್ರಶ್ನೆ ಹಾಕಿದಾಗ ನಿಮಗೆ ತಿಳಿಯದ್ದು ಎಲ್ಲಿದೆಯೆಂದು ಗೊತ್ತಾಗುತ್ತದೆ.

ಆ) ರೇರಾ ಕಾಯಿದೆಯಲ್ಲಿ 3, 9, 10 ಮತ್ತು 62ನೇ ಕಲಮುಗಳನ್ನು ಮೂಲದಲ್ಲೇ ಓದಿರಿ. 10ನೇ ಕಲಮು ದಲ್ಲಾಳಿಯ ಕರ್ತವ್ಯಗಳದ್ದು: ನೋಂದಣಿಯಾಗದ ಯೋಜನೆ ಮಾರಿಸಬಾರದು, ಲೆಕ್ಕಪತ್ರ ಇಡಬೇಕು, ಸುಳ್ಳು ಆಶ್ವಾಸನೆ ಕೊಡಬಾರದು, ಕೊಳ್ಳುವವರಿಗೆ ದಾಖಲೆಗಳನ್ನು ಒದಗಿಸಬೇಕು.

ಇ) ದಿನಕ್ಕೆ ಒಂದು ಗಂಟೆ ಸಾಕು, ಆದರೆ ತಪ್ಪಿಸಬಾರದು. ಓದಿದ್ದನ್ನು ಸ್ವಂತ ಮಾತಿನಲ್ಲಿ ನೋಟುಬುಕ್ಕಿಗೆ ಬರೆಯಿರಿ. ಗುಂಟೆ, ಎಕರೆ, ಚದರ ಅಡಿ, ಚದರ ಮೀಟರುಗಳ ಲೆಕ್ಕ ಕೈಯಲ್ಲೇ ಮಾಡಿ ಅಭ್ಯಾಸವಾಗಲಿ.

ಈ) ಪರೀಕ್ಷೆಯ ದಿನ ಬರುವ ಪ್ರಶ್ನೆಯ ಎದುರೇ ಉತ್ತರಗಳೂ ಇರುತ್ತವೆ, ಸರಿಯಾದದ್ದನ್ನು ಆರಿಸಬೇಕು. ‘ಅಲ್ಲ’, ‘ಹೊರತುಪಡಿಸಿ’ ಎಂಬ ಪದ ಪ್ರಶ್ನೆಯಲ್ಲಿದೆಯೇ ನೋಡಿರಿ. ಗೊತ್ತಿರುವುದನ್ನು ಮೊದಲು ಮುಗಿಸಿ, ಕಷ್ಟದ್ದಕ್ಕೆ ಆಮೇಲೆ ಬನ್ನಿರಿ.

ಉ) ಜಮೀನಿನ ಕೆಲಸದಲ್ಲೇ ಆಸಕ್ತಿಯಿದ್ದು, ಪರೀಕ್ಷೆ ಪಾಸು ಮಾಡಿ ಸರ್ಕಾರದ ಪರವಾನಗಿ ಪಡೆಯಬೇಕೆನ್ನುವವರಿಗೆ ನಮ್ಮ ರಾಜ್ಯದಲ್ಲಿ ಪರವಾನಗಿ ಭೂಮಾಪಕರ ದಾರಿಯೂ ಇದೆ. ಭೂಮಾಪನ ಇಲಾಖೆ ಅರ್ಜಿ ಕರೆದಾಗ ಪ್ರಕಟಣೆಯಲ್ಲಿ ವಿದ್ಯಾರ್ಹತೆ ನೋಡಿಕೊಳ್ಳಿರಿ.

ಮಾರುವ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ದಲ್ಲಾಳಿ ಮನೆಗೆ ಬಂದಾಗ ಆಸರಿಗೆ ಕೊಟ್ಟು, ನಿಧಾನವಾಗಿ ಈ ಪ್ರಶ್ನೆಗಳನ್ನು ಕೇಳಿರಿ.

• ನನ್ನ ಪಹಣಿಯ 11ನೇ ಕಾಲಮ್ಮಿನಲ್ಲಿ ಏನಿದೆ?
• ಇದರಲ್ಲಿ ಮಾಲ್ಕಿ ಎಷ್ಟು, ಬೆಟ್ಟ ಎಷ್ಟು? ಕೊಳ್ಳುವವರಿಗೆ ಏನೆಂದು ಹೇಳಿದ್ದೀರಿ?
• ಕೊಳ್ಳುವವರು ಯಾರು? ನಾನು ಅವರೊಡನೆ ನೇರ ಮಾತನಾಡಬಹುದೆ?
• ನಿಮ್ಮ ದಲ್ಲಾಳಿ ಎಷ್ಟು? ಅವರ ಕಡೆಯಿಂದಲೂ ಪಡೆಯುತ್ತೀರಾ?

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಬಾರದಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಉದಾಹರಣೆಗೆ, ನಿಮಗೆ ಎಕರೆಗೆ 20 ಲಕ್ಷವೆಂದು, ಕೊಳ್ಳುವವರಿಗೆ 23 ಲಕ್ಷವೆಂದು ಹೇಳಿದರೆ ಎರಡೆಕರೆಯಲ್ಲಿ 6 ಲಕ್ಷ ರೂ. ನಡುವೆಯೇ ಉಳಿಯುತ್ತದೆ. ಅಷ್ಟು ಹಣ ಕೂಡಿಸಲು ಎಷ್ಟು ವರ್ಷ ಹಾಲು ಕರೆಯಬೇಕೆಂಬುದನ್ನು ನಿಮ್ಮ ಹಾಲಿನ ಪುಸ್ತಕವೇ ಹೇಳುತ್ತದೆ.

ಮಾರುವುದೂ ಬಿಡುವುದೂ ನಿಮಗೆ ಸೇರಿದ್ದು. ಅನಿವಾರ್ಯವಾದಾಗ ಮಾರಬೇಕಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಗದ್ದೆ ಹೋದರೆ ಹುಲ್ಲು ಹೋಗುತ್ತದೆ, ತೋಟ ಹೋದರೆ ಬೆಟ್ಟದ ಸೊಪ್ಪಿನ ಸವಲತ್ತೂ ಅದರೊಂದಿಗೆ ಹೋಗುತ್ತದೆ, ಆಮೇಲೆ ಕೊಟ್ಟಿಗೆ ಬಹಳ ದಿನ ನಿಲ್ಲುವುದಿಲ್ಲ. ಇಷ್ಟು ದೊಡ್ಡ ನಿರ್ಧಾರವನ್ನು ಪರೀಕ್ಷೆಯಿಲ್ಲದ ಒಬ್ಬನ ಮಾತಿನ ಮೇಲೆ ಬಿಡಬೇಡಿರಿ. ಈ ವಾರ ತಹಸೀಲ್ದಾರ ಕಚೇರಿಗೆ ಹೋಗುವ ಕೆಲಸವಿದ್ದರೆ ನಿಮ್ಮ ಸರ್ವೆ ನಂಬರಿನ ಹೊಸ ಪಹಣಿ ತೆಗೆಸಿಕೊಂಡು ಬನ್ನಿರಿ. ಮನೆಮಂದಿಯೆಲ್ಲ ಕೂತು 9ರಿಂದ 12ರವರೆಗಿನ ಕಾಲಮ್ಮುಗಳನ್ನು ಒಮ್ಮೆ ಓದಿರಿ. ಹೆಸರು, ಕ್ಷೇತ್ರ, ಬೋಜಾಗಳಲ್ಲಿ ತಪ್ಪು ಕಂಡರೆ ಮಾರುವ ಯೋಚನೆ ಇಲ್ಲದಿದ್ದರೂ ಈಗಲೇ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಿರಿ.