ಟಿಪ್ಪುವಿನ ಹುಲಿ ನೋಡಲು ಟಿಕೆಟ್ ಇಲ್ಲ

ಲಂಡನ್ ದುಡ್ಡಿದ್ದವರ ಊರು, ನಮ್ಮಂಥವರಿಗಲ್ಲ ಎನ್ನುವ ಮಾತು ಕಾಲೇಜಿನ ಕ್ಯಾಂಟೀನಿನಲ್ಲಿ ಆಗಾಗ ಕೇಳಿಬರುತ್ತದೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ನಮ್ಮ ಖಾಲಾನ ಮಗಳು, ನಾವೆಲ್ಲ ಆಪಾ ಎಂದು ಕರೆಯುವವರು, ಸ್ಕಾಲರ್‌ಶಿಪ್ಪಿಗೆ ಬ್ಯಾಂಕ್ ಸಾಲ ಸೇರಿಸಿಕೊಂಡು ಅಲ್ಲಿ ಒಂದು ವರ್ಷ ಓದಿ ಬಂದರು. ಅವರ ಅಬ್ಬಾಗೆ ಶಿವಾಜಿನಗರದಲ್ಲಿ ಟೈಲರಿಂಗ್ ಅಂಗಡಿ. ಸುತ್ತಾಟಕ್ಕೆಂದು ಮನೆಯಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ. ಆದರೂ ಅವರು ನೋಡಿದಷ್ಟು ಲಂಡನ್ನನ್ನು ಪ್ಯಾಕೇಜ್ ಟೂರಿನಲ್ಲಿ ಹೋದವರು ನೋಡಿರಲಾರರು. ಅವರು ಹೇಳಿದ್ದಕ್ಕೆ ನಾನು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಹಿ ಸುದ್ದಿ. ಆರು ತಿಂಗಳ ಪ್ರವಾಸಿ ವೀಸಾದ ಶುಲ್ಕ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಆಯಿತು. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೂ ಹದಿನಾಲ್ಕೂವರೆ ಸಾವಿರ ದಾಟುತ್ತದೆ. ವೀಸಾ ನಿರಾಕರಿಸಿದರೆ ಆ ಹಣ ವಾಪಸ್ ಬರುವುದಿಲ್ಲ. ವಿಮಾನದ ಖರ್ಚು ಬೇರೆ. ಇನ್ನು ಉಳಿದುಕೊಳ್ಳುವ ಜಾಗ: ಹಾಸ್ಟೆಲಿನ ಸಾಮೂಹಿಕ ಕೋಣೆಯಲ್ಲಿ ಒಂದು ಹಾಸಿಗೆಗೇ ರಾತ್ರಿಗೆ ಎರಡು ಮೂರು ಸಾವಿರ ರೂಪಾಯಿ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೇಸಿಗೆ ರಜೆಯಲ್ಲಿ ಕೆಲವು ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿ ನಿಲಯದ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನೆಂಟರ ಮನೆ ಇದ್ದರೆ ಪುಣ್ಯವಂತರು. ಇದರಲ್ಲಿ ಉಳಿತಾಯಕ್ಕೆ ಹೆಚ್ಚು ದಾರಿಗಳಿಲ್ಲ. ಆದರೆ ಬಾಗಿಲು ದಾಟಿ ಬೀದಿಗೆ ಇಳಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ.

ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಮುಖ್ಯ ಸಂಗ್ರಹ ನೋಡಲು 2001ರ ಡಿಸೆಂಬರ್‌ನಿಂದ ಯಾರೂ ದುಡ್ಡು ಕೊಡಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಲ್ಲವೂ ಉಚಿತ. ಒಳಗಿನ ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಬಾಗಿಲ ಬಳಿ ಕಾಣಿಕೆ ಡಬ್ಬಿ ಇರುತ್ತದೆ. ಹಾಕಲೇಬೇಕೆಂದೇನೂ ಇಲ್ಲ, ಆಪಾ ಮೊದಲ ದಿನ ಸಂಕೋಚಕ್ಕೆ ಒಂದು ಪೌಂಡ್ ಹಾಕಿದರಂತೆ.

ಸೌತ್ ಕೆನ್ಸಿಂಗ್ಟನ್‌ನ ಈ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಸೇರಿದ್ದೇ ಟಿಪ್ಪುವಿನ ಹುಲಿ. ನಮ್ಮ ಇತಿಹಾಸದ ಪುಸ್ತಕದಲ್ಲಿ ಚಿಕ್ಕ ಚಿತ್ರವಾಗಿ ನೋಡಿದ್ದೇವಲ್ಲ, ಅದೇ. ಬಿದ್ದಿರುವ ಯೂರೋಪಿನ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ. ಹೊಟ್ಟೆಯೊಳಗೆ ಗಾಳಿಯಿಂದ ನುಡಿಯುವ ಯಂತ್ರವಿದೆ. ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಏಳುತ್ತಿತ್ತು, ಅವನು ನರಳುತ್ತಿದ್ದ, ಹುಲಿ ಗುರುಗುಟ್ಟುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಸೈನ್ಯ ಅರಮನೆಯಿಂದ ಎತ್ತಿಕೊಂಡು ಹೋದದ್ದು ಇದು. 1808ರಲ್ಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟರು. ಅದರ ಮರುವರ್ಷ, 1809ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾಯಿಲೆ ತಾಳಲಾರದ ಬ್ರಿಟಿಷ್ ಪಡೆ ಬೆಂಗಳೂರಿಗೆ ಬಂದು ಹಲಸೂರಿನ ಹತ್ತಿರ ಬೀಡುಬಿಟ್ಟಿತು. ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಅಂದರೆ ಹುಲಿ ಆ ಕಡೆ ಹೋದದ್ದಕ್ಕೂ ಶಿವಾಜಿನಗರ ಈ ಕಡೆ ಬೆಳೆದದ್ದಕ್ಕೂ ಮೂಲ ಒಂದೇ ಯುದ್ಧ. ಲೂಟಿಯಾದ ವಸ್ತುವನ್ನು ಅಲ್ಲಿ ಉಚಿತವಾಗಿ ತೋರಿಸುವುದು ದೊಡ್ಡತನವೇ ಎಂದು ಕೇಳಿದರೆ, ಅಲ್ಲ ಎಂದೇ ನನ್ನ ಉತ್ತರ. ಲಂಡನ್ನಿನವನಿಗೆ ಅದು ಉಚಿತ, ಮಂಡ್ಯದ ಹುಡುಗನಿಗೆ ವೀಸಾದ ಹದಿನಾಲ್ಕೂವರೆ ಸಾವಿರ. ಆದರೆ ಹೇಗೋ ಅಲ್ಲಿಗೆ ತಲುಪಿದ ನಮ್ಮವರು ಅದನ್ನು ನೋಡದೆ, ಮೇಣದ ಗೊಂಬೆಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಬರುವುದು ಇನ್ನೂ ಬೇಸರದ ಸಂಗತಿ. ಹೋಗುವ ಮುನ್ನ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಹುಲಿ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳಿ, ಗ್ಯಾಲರಿಗಳು ದುರಸ್ತಿಗೆ ಮುಚ್ಚುವುದುಂಟು. ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಆಪಾ ಹೋದದ್ದು ಅಂಥ ಒಂದು ಶುಕ್ರವಾರ. "ಮಕ್ಕಳ ಆಟಿಕೆ ಥರ ಇರುತ್ತೆ ಅಂದುಕೊಂಡಿದ್ದೆ ಕಣೋ, ಎದುರು ನಿಂತಾಗ ಮಾತೇ ಬರಲಿಲ್ಲ" ಎಂದರು.

ಓಡಾಟದ ವಿಷಯಕ್ಕೆ ಬಂದರೆ, ಅಲ್ಲಿನ ಸುರಂಗ ರೈಲಿನ ನಕ್ಷೆಯನ್ನು ನಂಬಿ ಕೆಡಬೇಡಿ. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್ ನಿಲ್ದಾಣಕ್ಕೆ ಸುಮಾರು 260 ಮೀಟರ್. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ರಸೆಲ್ ಮಾರ್ಕೆಟ್‌ಗೆ ಆಟೋ ಹತ್ತಿದ ಹಾಗೆ. ಅಷ್ಟು ದೂರಕ್ಕೂ ಎರಡೂವರೆ ಪೌಂಡಿಗಿಂತ ಹೆಚ್ಚು ಕತ್ತರಿಸುತ್ತದೆ. ಆಪಾ ಮೊದಲ ವಾರ ಹೀಗೆ ಮೋಸಹೋದವರೇ. ಕೆಂಪು ಬಸ್ಸೇ ಬಡವರ ಬಂಧು: ಒಂದು ಸಲಕ್ಕೆ 1.75 ಪೌಂಡ್, ಅದೇ ಕಾರ್ಡ್ ತೋರಿಸಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಮತ್ತೆ ದುಡ್ಡಿಲ್ಲ. ಇಡೀ ದಿನ ಬಸ್ಸಿನಲ್ಲೇ ತಿರುಗಿದರೂ 5.25 ಪೌಂಡ್ ದಾಟಿ ಕತ್ತರಿಸುವುದಿಲ್ಲ. ಈ ದರಗಳು ಕೆಲವು ವರ್ಷಗಳಿಂದ ಇರುವಂಥವು, ಹೋಗುವಾಗ ಮತ್ತೊಮ್ಮೆ ನೋಡಿಕೊಳ್ಳಿ. 2014ರಿಂದ ಅಲ್ಲಿನ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಂಡಕ್ಟರ್ ಚಿಲ್ಲರೆ ಕೇಳುವ ಪ್ರಶ್ನೆಯೇ ಇಲ್ಲ. ನಮ್ಮ ಹುಡುಗಿಯರಿಗೆ ಇಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಅಭ್ಯಾಸವಾಗಿರುವುದರಿಂದ ಇದೂ ದುಬಾರಿ ಎನಿಸೀತು! ಹಾಗಾದರೆ ನಡೆಯಿರಿ.

ಬ್ರಿಟಿಷ್ ಮ್ಯೂಸಿಯಂನಿಂದ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಗಾರ್ಡನ್ ಸ್ಕ್ವೇರ್ ಎಂಬ ಪುಟ್ಟ ಉದ್ಯಾನ. ಅಲ್ಲಿ ನೂರ್ ಇನಾಯತ್ ಖಾನ್‌ರ ಎದೆಮಟ್ಟದ ಪ್ರತಿಮೆ ಇದೆ, 2012ರಲ್ಲಿ ಸ್ಥಾಪಿಸಿದ್ದು. ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್‌ರ ಮಗಳು, ಟಿಪ್ಪು ಸುಲ್ತಾನನ ವಂಶದವರು. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಪರವಾಗಿ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ ಹೋದರು. ಸಿಕ್ಕಿಬಿದ್ದರು. 1944ರ ಸೆಪ್ಟೆಂಬರ್‌ನಲ್ಲಿ ದಖಾವು ಶಿಬಿರದಲ್ಲಿ ಗುಂಡಿಗೆ ಬಲಿಯಾದಾಗ ವಯಸ್ಸು ಮೂವತ್ತು. ಪಕ್ಕದ ಟ್ಯಾವಿಟನ್ ಬೀದಿಯ 4ನೇ ನಂಬರ್ ಮನೆಯ ಗೋಡೆಯ ಮೇಲೆ ಅವರ ಹೆಸರಿನ ನೀಲಿ ಫಲಕವಿದೆ. ಟಿಪ್ಪುವಿನ ಸಿಪಾಯಿ-ಹುಲಿ ಒಂದು ಕಡೆ, ಅದೇ ಬ್ರಿಟನ್ನಿಗಾಗಿ ಪ್ರಾಣ ಕೊಟ್ಟ ಅವನ ವಂಶದ ಹೆಣ್ಣುಮಗಳು ಇನ್ನೊಂದು ಕಡೆ. ಎರಡನ್ನೂ ಒಂದೇ ದಿನ ನೋಡಿದರೆ ತಲೆಯೊಳಗೆ ಬಹಳ ಹೊತ್ತು ಏನೋ ಕೊರೆಯುತ್ತದಂತೆ. ಅಲ್ಲಿಂದ ಮುಂದೆ ನಡೆದರೆ ಬ್ರಿಟಿಷ್ ಲೈಬ್ರರಿ. ಟಿಪ್ಪು ತನ್ನ ಕನಸುಗಳನ್ನು ಫಾರ್ಸಿಯಲ್ಲಿ ಬರೆದಿಟ್ಟ ಪುಸ್ತಕ ಅಲ್ಲಿನ ಸಂಗ್ರಹದಲ್ಲಿದೆ. ಅದು ಹೋದವರಿಗೆಲ್ಲ ಕಾಣುವಂತೆ ಇಟ್ಟದ್ದಲ್ಲ, ಆದರೆ ಹಳೆಯ ಹಸ್ತಪ್ರತಿಗಳ ಪ್ರದರ್ಶನ ಕೋಣೆಗೆ ಪ್ರವೇಶ ಉಚಿತ.

ಊಟಕ್ಕೆ ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಕಡೆ ಹೋಗಬೇಕು. ಹಲಾಲ್ ಬೋರ್ಡು ಹುಡುಕಬೇಕಿಲ್ಲ, ಬೀದಿಗೆ ಬೀದಿಯೇ ಹಾಗಿದೆ. ದೋಸೆ ನೆನಪಾದರೆ ಈಸ್ಟ್ ಹ್ಯಾಮ್ ಅಥವಾ ಟೂಟಿಂಗ್. ಉಳಿದ ದಿನ ಮನೆಯಿಂದ ಡಬ್ಬಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳುವುದು ದಂಡ. ವೈಟ್‌ಚಾಪೆಲ್‌ನಲ್ಲೇ ಈಸ್ಟ್ ಲಂಡನ್ ಮಸೀದಿ ಇದೆ, ಹೆಂಗಸರಿಗೂ ನಮಾಜಿಗೆ ಜಾಗವಿದೆ. ಅಲ್ಲಿಂದ ನಡೆದೇ ಹೋಗಬಹುದಾದ ಬ್ರಿಕ್ ಲೇನ್ ಮಸೀದಿಯನ್ನು ತಪ್ಪಿಸಬೇಡಿ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು ಚರ್ಚಾಗಿ ಕಟ್ಟಿದ್ದು, ಮುಂದೆ ಮೆಥಡಿಸ್ಟರ ಪ್ರಾರ್ಥನಾ ಮಂದಿರ, 1898ರಿಂದ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಬಂದವರು ಬದಲಾದರು, ಗೋಡೆ ಅದೇ.

ಒಂದು ಎಚ್ಚರಿಕೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜುಹರ್, ಅಸರ್, ಮಗ್ರಿಬ್ ಮೂರೂ ನಾಲ್ಕೈದು ಗಂಟೆಗಳೊಳಗೆ ಒತ್ತೊತ್ತಾಗಿ ಬರುತ್ತವೆ. ಜೂನ್‌ನಲ್ಲಿ ಮಗ್ರಿಬ್ ಆಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ಸುತ್ತಾಟದ ಪಟ್ಟಿ ಮಾಡುವಾಗ ಮೊದಲು ನಮಾಜಿನ ವೇಳಾಪಟ್ಟಿ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ದಿನಕ್ಕೆ ಪಾರ್ಲಿಮೆಂಟ್ ಸ್ಕ್ವೇರ್. ಅಲ್ಲಿ ಚರ್ಚಿಲ್ ನಿಂತಿದ್ದಾರೆ, 2015ರಿಂದ ಗಾಂಧೀಜಿಯೂ ಅದೇ ಚೌಕದಲ್ಲಿದ್ದಾರೆ. ಈ ಚರ್ಚಿಲ್ ಯುವಕನಾಗಿ ನಮ್ಮ ಕಂಟೋನ್ಮೆಂಟಿನಲ್ಲಿ ಸೈನ್ಯದಲ್ಲಿದ್ದವರು. ಇಂದಿನ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ 13 ರೂಪಾಯಿ ಬಾಕಿ ಹಾಗೆಯೇ ಉಳಿದಿದೆ. ಅಲ್ಲಿಂದ ನದಿಯ ಪಕ್ಕದಲ್ಲಿ ನಡೆದು ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಆಪಾ ಡಬ್ಬಿ ಬಿಚ್ಚಿದ್ದು ಅಲ್ಲೇ ಒಂದು ಬೆಂಚಿನ ಮೇಲೆ. ಎದುರಿಗೆ ಥೇಮ್ಸ್ ನದಿ. ಆ ದಿನದ ಒಟ್ಟು ಖರ್ಚು, ಬಸ್ಸಿನದು ಮಾತ್ರ, ಮೂರೂವರೆ ಪೌಂಡ್.