ನೀರಿನಲ್ಲಿ ಬಿಡಿಸಿದ ಇಂಗಾಲದ ಪೊರೆ

ನಾವು ಸೀಸದಕಡ್ಡಿಯೆಂದು ಕರೆಯುವ ವಸ್ತುವಿನಲ್ಲಿ ಸೀಸವು ಲೇಶಮಾತ್ರವೂ ಇಲ್ಲವೆಂಬುದು ವಾಚಕರಲ್ಲಿ ಅನೇಕರಿಗೆ ವಿದಿತವಾಗಿರುವುದು. ಅದರೊಳಗಣ ಕರಿಯ ಪದಾರ್ಥವು ಗ್ರಾಫೈಟು. ಇದು ಸೀಸವಲ್ಲ, ಇದ್ದಲಿನ ಜಾತಿಯದೆಂಬುದನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞನಾದ ಷೀಲೆಯು 1779ರಲ್ಲಿಯೇ ತೋರಿಸಿಕೊಟ್ಟನು. ಹೆಸರನ್ನು ಮಾತ್ರ ನಾವು ಇಂದಿಗೂ ತಿದ್ದಿಕೊಂಡಿಲ್ಲ!

ಕಾಗೆಬಂಗಾರವನ್ನು ಉಗುರಿನಿಂದ ಕೆದಕಿದರೆ ಹಾಳೆಹಾಳೆಯಾಗಿ ಏಳುವುದನ್ನು ಮಕ್ಕಳು ಸಹ ಬಲ್ಲರು. ಗ್ರಾಫೈಟಿನ ರಚನೆಯೂ ಅಂತಹುದೇ. ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರಾರು ಮೂಲೆಗಳ ಬಲೆಯಾಗಿ ಹೆಣೆದುಕೊಂಡು ಒಂದೊಂದು ಪೊರೆಯಾಗಿರುವುವು. ಪೊರೆಯೊಳಗಣ ಬಂಧನವು ಬಹು ಗಟ್ಟಿ. ಒಂದು ಪೊರೆಗೂ ಮತ್ತೊಂದಕ್ಕೂ ನಡುವಣ ಹಿಡಿತವು ಬಹು ದುರ್ಬಲ. ಒಂದು ಮಿಲಿಮೀಟರಿನ ದಪ್ಪದಲ್ಲಿ ಇಂತಹ ಪೊರೆಗಳು ಸುಮಾರು 30 ಲಕ್ಷ ಅಡಗಿರುವುವು. ಬೇರ್ಪಟ್ಟು ಒಂಟಿಯಾದ ಪೊರೆಗೇ ಗ್ರಾಫೀನ್ ಎಂದು ಹೆಸರು. ವಿದ್ಯುತ್ತನ್ನು ಅತಿ ಸುಲಭವಾಗಿ ಹರಿಯಗೊಡುವುದೂ, ಎಳೆತಕ್ಕೆ ಉಕ್ಕಿಗಿಂತ ಹೆಚ್ಚು ತಾಳಿಕೊಳ್ಳುವುದೂ ಇದರ ಗುಣಗಳು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಗೈಮ್ ಮತ್ತು ನೊವೊಸೆಲೊವ್ ಎಂಬವರು ಸಾಧಾರಣವಾದ ಅಂಟುಪಟ್ಟಿಯಿಂದಲೇ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಒಂಟಿ ಪೊರೆಯನ್ನು ಪಡೆದುದನ್ನು 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಹೀಗೆ ಸುಲಿಯುತ್ತ ಕುಳಿತರೆ ಪ್ರಯೋಗಕ್ಕೆ ಸಾಲುವಷ್ಟು ಚೂರುಗಳು ದೊರೆತಾವೇ ಹೊರತು ತೂಕಮಾಡಿ ಮಾರುವಷ್ಟು ಸರಕು ದೊರೆಯದು. ಗಂಧಕಾಮ್ಲವನ್ನೂ, ಬಾವಿಯ ನೀರನ್ನು ಶುದ್ಧಿಮಾಡಲು ಬಳಸುವ ಪರ್ಮಾಂಗನೇಟನ್ನೂ ಸೇರಿಸಿ ಗ್ರಾಫೈಟನ್ನು ಬಿಡಿಸುವ ಉಗ್ರಮಾರ್ಗವೊಂದು 1958ರಿಂದ ಪ್ರಸಿದ್ಧವಾಗಿದೆ. ಅದರಲ್ಲಿ ಪೊರೆಗಳು ಬಿಡುವುವಾದರೂ ಆಮ್ಲಜನಕವು ಮೈಯೆಲ್ಲ ಹತ್ತಿಕೊಂಡು ವಿದ್ಯುತ್ತನ್ನು ಹರಿಸುವ ಗುಣವೇ ಕೆಟ್ಟುಹೋಗುವುದು.

ನೀರಿನ ಮಾರ್ಗವು ಇದಕ್ಕಿಂತ ಸೌಮ್ಯವಾದುದು. ಜರ್ಮನಿಯ ಮ್ಯೂಲೆನ್, ಫೆಂಗ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ವಿಧಾನವನ್ನು ನೋಡೋಣ. ಒಂದು ಲೀಟರು ನೀರಿನಲ್ಲಿ ಸುಮಾರು 13 ಗ್ರಾಂ ಅಮೋನಿಯಂ ಸಲ್ಫೇಟನ್ನು ಕರಗಿಸತಕ್ಕದ್ದು. ನಮ್ಮ ರೈತರು ಗದ್ದೆಗೆ ಎರಚುವ ಗೊಬ್ಬರವೇ ಇದು. ಗ್ರಾಫೈಟಿನ ತೆಳು ತಗಡನ್ನು ಧನಧ್ರುವಕ್ಕೂ, ಪ್ಲಾಟಿನಂ ತಂತಿಯನ್ನು ಋಣಧ್ರುವಕ್ಕೂ ಕಟ್ಟಿ ಮುಳುಗಿಸಿ 10 ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದರೆ ತಗಡು ಅಂಚಿನಿಂದ ಉಬ್ಬುತ್ತ ಬಂದು, ಕರಿಯ ಚಕ್ಕೆಗಳು ಕಳಚಿ ನೀರಿನಲ್ಲಿ ಹರಡುವುವು.

ಇದು ಹೇಗೆ ನಡೆಯುವುದು? ಸಲ್ಫೇಟಿನ ಅಯಾನು 0.46 ನ್ಯಾನೋಮೀಟರು ಅಗಲವುಳ್ಳದ್ದು. ಪೊರೆಗಳ ನಡುವಣ ಸಂದಾದರೋ 0.335 ಮಾತ್ರ. ಬಾಗಿಲು ತೆರೆಯದೆ ಅದಕ್ಕೆ ಪ್ರವೇಶವಿಲ್ಲ. ಆ ಬಾಗಿಲನ್ನು ತೆರೆಯುವುದು ನೀರೇ. ವಿದ್ಯುತ್ತಿನಿಂದ ಒಡೆದ ನೀರಿನ ಅಂಶಗಳು ಗ್ರಾಫೈಟಿನ ಅಂಚನ್ನು ಕೊರೆದು ಸಡಿಲಿಸುವುವು. ಆಗ ಸಲ್ಫೇಟೂ ನೀರೂ ಒಳನುಗ್ಗಿ, ಅಲ್ಲಿಯೇ ಅನಿಲಗಳಾಗಿ ಮಾರ್ಪಟ್ಟು, ಹಿಗ್ಗುವ ರಭಸದಿಂದ ಪೊರೆಗಳನ್ನು ದೂಡಿಬಿಡುವುವು. ಹೀಗೆ ದೊರೆತ ಹಾಳೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನವು ಮೂರು ಪದರಗಳನ್ನು ಮೀರಿರಲಿಲ್ಲ. ಇವುಗಳಿಂದ ಮಸಿಯನ್ನು ಮಾಡಿ, ಕುಂಚದಿಂದ ಸಾಧಾರಣ ಕಾಗದಕ್ಕೆ ಬಳಿದು, ಆ ಕಾಗದವನ್ನೇ ವಿದ್ಯುತ್ಸಂಗ್ರಾಹಕವನ್ನಾಗಿ ಮಾಡಿಯೂ ತೋರಿಸಿದರು.

ಇಷ್ಟು ಸುಲಭವಾದರೆ ಮನೆಯಲ್ಲಿಯೇ ಮಾಡಬಾರದೇಕೆಂದು ಉತ್ಸಾಹಿಗಳಾದ ತರುಣರು ಕೇಳಬಹುದು. ಅಡಿಗೆಯ ಉಪ್ಪನ್ನು ಹಾಕಿ ಈ ಪ್ರಯೋಗಕ್ಕೆ ಕೈಹಚ್ಚಕೂಡದೆಂದು ನಾವು ಒತ್ತಿ ಹೇಳುವೆವು. ಉಪ್ಪುನೀರಿನಲ್ಲಿ ಧನಧ್ರುವದಿಂದ ಕ್ಲೋರೀನೆಂಬ ವಿಷಾನಿಲವು ಏಳುವುದು. ಪೊರೆಗಳಂತೂ ಸರಿಯಾಗಿ ಬಿಡುವುದಿಲ್ಲ. ಯಾವ ಲವಣವೇ ಆಗಲಿ, ಋಣಧ್ರುವದಲ್ಲಿ ಏಳುವ ಜಲಜನಕಕ್ಕೆ ಕಿಡಿ ತಾಗಿದರೆ ಹೊತ್ತಿಕೊಳ್ಳುವುದು.

ಇನ್ನೊಂದು ತೊಡಕು ವಿಧಾನದೊಳಗೇ ಇರುವುದು. ಬಾಗಿಲು ತೆರೆದ ನೀರು ಅಷ್ಟಕ್ಕೇ ಸುಮ್ಮನಾಗದು. ಬಿಡಿಸಿದ ಪೊರೆಯನ್ನೂ ಕಚ್ಚಿ ಅಲ್ಲಲ್ಲಿ ಗಾಯಮಾಡುವುದು. 2014ರ ಹಾಳೆಗಳಲ್ಲಿ ಇಂಗಾಲದ 17 ಪರಮಾಣುಗಳಿಗೆ ಒಂದರಂತೆ ಆಮ್ಲಜನಕವು ಸೇರಿಕೊಂಡಿತ್ತು. ನೀರಿನ ಈ ಉಗ್ರ ಅಂಶಗಳನ್ನು ಹಿಡಿದು ನಿಲ್ಲಿಸುವ ಟೆಂಪೋ ಎಂಬ ರಾಸಾಯನಿಕವನ್ನು ದ್ರಾವಣಕ್ಕೆ ಬೆರೆಸಿ, 2015ರಲ್ಲಿ ಅದೇ ಬಳಗದವರು 25ಕ್ಕೆ ಒಂದರಂತೆ ತಗ್ಗಿಸಿದರು. ನಮ್ಮ ಅಭಿಪ್ರಾಯದಲ್ಲಿ ಪೊರೆಯನ್ನು ಬಿಡಿಸಿದುದಕ್ಕಿಂತ, ಬಿಡಿಸಿದ ನೀರನ್ನು ಹೀಗೆ ಅಂಕೆಯಲ್ಲಿಟ್ಟುದೇ ಹೆಚ್ಚಿನ ಜಾಣ್ಮೆ.

ಕೊಳ್ಳುವವರಾದರೂ ಎಚ್ಚರದಿಂದಿರಬೇಕು. ಗ್ರಾಫೀನ್ ಎಂಬ ಹೆಸರಿನಿಂದ 60 ತಯಾರಕರು ಮಾರುತ್ತಿದ್ದ ಸರಕನ್ನು ಸಿಂಗಾಪುರದ ವಿದ್ವಾಂಸರು ಪರೀಕ್ಷಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹತ್ತು ಪದರಗಳವರೆಗಿನ ಹಾಳೆಯನ್ನೂ ಗ್ರಾಫೀನೆಂದೇ ಎಣಿಸಿದರೂ, ಹೆಚ್ಚಿನವರ ಸರಕಿನಲ್ಲಿ ಅದು ನೂರಕ್ಕೆ 10ನ್ನು ಮುಟ್ಟಿರಲಿಲ್ಲ. ಉಳಿದುದೆಲ್ಲ ಬಹುಮಟ್ಟಿಗೆ ಗ್ರಾಫೈಟಿನ ಸಣ್ಣ ಚೂರುಗಳೇ. ಕರಿಯ ಪುಡಿಯನ್ನು ಕಣ್ಣಿನಿಂದ ನೋಡಿದರೆ ಈ ಭೇದವು ತಿಳಿಯದು. ಅದಕ್ಕೆ ಬಳಸುವ ಉಪಾಯಗಳಲ್ಲಿ ಮುಖ್ಯವಾದುದು ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವೇ. ಪುಡಿಯ ಮೇಲೆ ಒಂದೇ ಬಣ್ಣದ ಬೆಳಕನ್ನು ಹಾಯಿಸಿ, ಚೆದರಿದ ಬೆಳಕಿನಲ್ಲಾದ ಬಣ್ಣದ ಬದಲಾವಣೆಯನ್ನು ಅಳೆದರೆ, ಪದರಗಳು ಕೆಲವೇ ಇವೆಯೋ ಅನೇಕವೋ, ಪೊರೆಗೆ ಗಾಯವಾಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು.